ಲಿಥಿಯಂ ಬ್ಯಾಟರಿಯ ಬಾಳಿಕೆ: ಒಳಗಣ ದ್ರವವೂ ಫಲಕಗಳ ರಕ್ಷಣೆಯೂ

ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ, ಶಿವಾಜಿನಗರ, ಹಲಸೂರು, ಇಂದಿರಾನಗರ ಮೊದಲ್ಗೊಂಡು ಕೃಷ್ಣರಾಜಪುರದವರೆಗೂ, ಲಿಥಿಯಂ ಬ್ಯಾಟರಿಯಿಂದ ನಡೆಯುವ ಸ್ಕೂಟರುಗಳೂ ಆಟೋಗಳೂ ಈಗ ಸಾಮಾನ್ಯವಾಗಿವೆ. ಏಥರ್ ಸಂಸ್ಥೆಯವರು ತಮ್ಮ ವಿದ್ಯುತ್ ಸ್ಕೂಟರಿನ ಮಳಿಗೆಯನ್ನು 2018ರಲ್ಲಿ ಇಂದಿರಾನಗರದಲ್ಲಿಯೇ ತೆರೆದರು. ಔಷಧಿ ಸಿಂಪಡಿಸುವ ಯಂತ್ರ, ಸೌರದೀಪ ಮುಂತಾದವುಗಳ ಮೂಲಕ ಈ ಬ್ಯಾಟರಿಯು ಹಳ್ಳಿಗಳನ್ನೂ ಪ್ರವೇಶಿಸಿರುವುದು. ಬೆಲೆಬಾಳುವ ಈ ವಸ್ತುವು ಒಬ್ಬರಲ್ಲಿ ಬಹುಕಾಲ ಬಾಳಿ, ಮತ್ತೊಬ್ಬರಲ್ಲಿ ಬೇಗನೆ ಕೆಡುವುದೇಕೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಯುಕ್ತವು.

ರಚನೆ.— ಬ್ಯಾಟರಿಯ ಪ್ರತಿಯೊಂದು ಕೋಶದಲ್ಲಿಯೂ ಎರಡು ವಿದ್ಯುದ್ವಾರಗಳಿರುತ್ತವೆ. ಋಣ ಫಲಕವು ಸಾಮಾನ್ಯವಾಗಿ ಗ್ರಾಫೈಟಿನದು. ಧನ ಫಲಕವು ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಅಥವಾ ಕಬ್ಬಿಣ ಸೇರಿದ ಲಿಥಿಯಂ ಸಂಯುಕ್ತದ್ದು. ಇವೆರಡರ ನಡುವೆ ಲಿಥಿಯಂ ಅಯಾನುಗಳನ್ನು ಸಾಗಿಸುವ ದ್ರವಕ್ಕೆ ಎಲೆಕ್ಟ್ರೋಲೈಟ್ ಎಂದು ಹೆಸರು. ಎಥಿಲೀನ್ ಕಾರ್ಬೊನೇಟ್ ಮೊದಲಾದ ದ್ರಾವಕಗಳಲ್ಲಿ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಲವಣವನ್ನು ಕರಗಿಸಿ ಇದನ್ನು ತಯಾರಿಸುವರು.

ಋಣ ಫಲಕದ ಪೊರೆ.— ಮೊದಲನೆಯ ಸಲ ವಿದ್ಯುತ್ತನ್ನು ತುಂಬುವಾಗ ಈ ದ್ರವದ ಸ್ವಲ್ಪ ಭಾಗವು ಗ್ರಾಫೈಟಿನ ಮೇಲೆ ಒಡೆದು ತೆಳ್ಳನೆಯ ಪೊರೆಯಾಗಿ ನಿಲ್ಲುತ್ತದೆ. ಕೆರೆಯ ಏರಿಯು ನೀರನ್ನು ತಡೆದು ತೂಬಿನಿಂದ ಮಾತ್ರ ಬಿಡುವಂತೆ, ಈ ಪೊರೆಯು ದ್ರವವನ್ನು ತಡೆದು ಲಿಥಿಯಮನ್ನು ಮಾತ್ರ ಬಿಡುತ್ತದೆ. ಎಥಿಲೀನ್ ಕಾರ್ಬೊನೇಟಿನಿಂದ ಗಟ್ಟಿಯಾದ ಪೊರೆ ಉಂಟಾಗುವುದು. ಅದಕ್ಕೆ ಬಹಳ ಸಮೀಪದ ಪ್ರೊಪಿಲೀನ್ ಕಾರ್ಬೊನೇಟಾದರೋ ಗ್ರಾಫೈಟಿನ ಪದರಗಳ ನಡುವೆ ನುಗ್ಗಿ ಅದನ್ನು ಸಿಪ್ಪೆಯಂತೆ ಸುಲಿದುಬಿಡುವುದು. 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯವರು ಮಾರಾಟಕ್ಕೆ ತಂದ ಮೊದಲ ಕೋಶಗಳಲ್ಲಿ ಗ್ರಾಫೈಟಿಗೆ ಬದಲಾಗಿ ಬೇರೆ ಬಗೆಯ ಇಂಗಾಲವಿದ್ದಿತು. ಪೊರೆಯು ಬಿರಿದಾಗಲೆಲ್ಲ ಮತ್ತೆ ಕಟ್ಟಿಕೊಳ್ಳುವುದಾದರೂ, ಪ್ರತಿ ದುರಸ್ತಿಗೂ ಸ್ವಲ್ಪ ಲಿಥಿಯಂ ವ್ಯಯವಾಗಿ ಬ್ಯಾಟರಿಯ ಶಕ್ತಿಯು ಕುಗ್ಗುತ್ತದೆ. ಪೊರೆಯನ್ನು ಬಲಪಡಿಸುವುದಕ್ಕಾಗಿಯೇ ವಿನೈಲೀನ್ ಕಾರ್ಬೊನೇಟಿನಂತಹ ವಸ್ತುಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುವುದುಂಟು.

ಧನ ಫಲಕದ ಶತ್ರುಗಳು.— ತೇವ, ಅತಿ ಒತ್ತಡ, ಶಾಖ, ಈ ಮೂರೂ ಹಾನಿಕರವು. ನೀರಿನ ಅಂಶವು ಸ್ವಲ್ಪ ಸೇರಿದರೂ ಮೇಲೆ ಹೇಳಿದ ಲವಣವು ಒಡೆದು ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಆ ಆಮ್ಲವು ಧನ ಫಲಕದ ಮ್ಯಾಂಗನೀಸ್ ಮೊದಲಾದ ಲೋಹಗಳನ್ನು ಕರಗಿಸುವುದು. ಕರಗಿದ ಲೋಹವು ಎದುರು ಬದಿಗೆ ಸಾಗಿ ಪೊರೆಯನ್ನೂ ಕೆಡಿಸುವುದು. ನಿಕ್ಕಲ್ ಜಾತಿಯ ಕೋಶದಲ್ಲಿ ಸಾಮಾನ್ಯ ಮಿತಿಯಾದ 4.2 ವೋಲ್ಟನ್ನು ಮೀರಿ ತುಂಬಿದರೆ ದ್ರವವು ಧನ ಫಲಕದ ಮೇಲೆ ಒಡೆದು ಅನಿಲವಾಗಿ ಕೋಶವು ಉಬ್ಬುತ್ತದೆ. ಕಬ್ಬಿಣದ ಜಾತಿಯ ಕೋಶಕ್ಕೆ ಮಿತಿಯು ಸುಮಾರು 3.65 ವೋಲ್ಟ್ ಮಾತ್ರವಿರುವುದರಿಂದ ಈ ತೊಂದರೆಯು ಕಡಿಮೆ. ಶಾಖವು ಈ ಎಲ್ಲ ಕ್ರಿಯೆಗಳನ್ನೂ ತ್ವರೆಗೊಳಿಸುತ್ತದೆ. ದ್ರಾವಕಗಳು ಉರಿಯುವಂತಹವು, 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿಗಳ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಲಾಯಿತು.

ಆಚರಿಸತಕ್ಕ ಕ್ರಮಗಳು.—

1. ಸೀಸದ ಬ್ಯಾಟರಿಗೆ ಹಾಕುವಂತೆ ಇದಕ್ಕೆ ಬಟ್ಟಿಯಿಳಿಸಿದ ನೀರನ್ನು ಎಂದಿಗೂ ಹಾಕಕೂಡದು. ಅಲ್ಲಿ ಹಿತವಾದ ನೀರು ಇಲ್ಲಿ ವಿಷವು.

2. ಬ್ಯಾಟರಿಗೆಂದೇ ಕೊಟ್ಟ ಚಾರ್ಜರನ್ನು ಮಾತ್ರ ಉಪಯೋಗಿಸತಕ್ಕದ್ದು.

3. ಬಿಸಿಲಿನಲ್ಲಿಯೂ, ಒಲೆಯ ಬಳಿಯೂ, ಕಾದ ತಗಡಿನ ಮಾಡಿನ ಕೆಳಗೂ ಇಡಬಾರದು. ಕೆಲಸ ಮುಗಿದೊಡನೆ ತುಂಬಿಸದೆ, ತಣ್ಣಗಾದ ಮೇಲೆ ತುಂಬಿಸಬೇಕು.

4. ಸಿಂಪಡಣೆಯ ಕಾಲ ಕಳೆದ ಮೇಲೆ ತಿಂಗಳುಗಟ್ಟಲೆ ಇಡುವುದಾದರೆ ಸುಮಾರು ಅರ್ಧ ತುಂಬಿಸಿ, ತಂಪಾದ ಒಣ ಸ್ಥಳದಲ್ಲಿಡುವುದು ಉತ್ತಮ.

5. ಉಬ್ಬಿದ ಅಥವಾ ಸೋರುವ ಬ್ಯಾಟರಿಯನ್ನು ಬಿಚ್ಚದೆ, ಬರಿಗೈಯಿಂದ ಮುಟ್ಟದೆ, ಮನೆಯಿಂದಲೂ ಹುಲ್ಲಿನ ಬಣವೆಯಿಂದಲೂ ದೂರವಿಡಬೇಕು. ತಿಪ್ಪೆಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಹಳೆಯ ಬ್ಯಾಟರಿಗಳ ಸಂಗ್ರಹಣೆಯು ತಯಾರಕರ ಹೊಣೆಯಾಗಿರುವುದರಿಂದ ಮಾರಾಟಗಾರರ ಮೂಲಕ ಹಿಂದಿರುಗಿಸುವುದು ಸೂಕ್ತವು.

ನೀರು ಹಾಕುವ ಹಳೆಯ ವಾಡಿಕೆಯಿಂದ ಬ್ಯಾಟರಿಯೂ, ಅದನ್ನು ಬಿಚ್ಚುವವನ ಕೈಯೂ ಕೆಡುವ ಸಂಭವವಿದೆ. ಆದಕಾರಣ ಮೊದಲನೆಯ ಕ್ರಮವನ್ನು ಮುಖಂಡರು ತಮ್ಮ ಗ್ರಾಮದ ರೈತರಿಗೂ ಆಳುಗಳಿಗೂ ವಿಶೇಷವಾಗಿ ತಿಳಿಯಪಡಿಸಬೇಕು.