ಒಂದು ವಾಟ್‌ನ ಲೆಕ್ಕ

ಹೊಸದಾಗಿ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್ ಕೊಂಡವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇದಕ್ಕೆ ಎಷ್ಟು ವಾಟ್‌ನ ಆಂಪ್ಲಿಫೈಯರ್ ಬೇಕು? ಸ್ಪೀಕರಿನ ಹಿಂಬದಿಯಲ್ಲಿ 100 ವಾಟ್ ಎಂದು ಅಚ್ಚಾಗಿದ್ದರೆ ಆಂಪ್ ಕೂಡ 100 ವಾಟ್‌ನದೇ ಇರಬೇಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಆ ಅಂಕಿ ಸ್ಪೀಕರ್ ಎಷ್ಟನ್ನು ತಾಳಿಕೊಳ್ಳುತ್ತದೆ ಎನ್ನುವುದರ ಅಂದಾಜೇ ಹೊರತು ಎಷ್ಟನ್ನು ಬೇಡುತ್ತದೆ ಎನ್ನುವುದರದ್ದಲ್ಲ. ಬೇಡಿಕೆ ಗೊತ್ತಾಗಬೇಕಾದರೆ ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಸಣ್ಣಕ್ಷರದಲ್ಲಿರುವ ಇನ್ನೆರಡು ಅಂಕಿಗಳನ್ನು ನೋಡಬೇಕು: ಡೆಸಿಬಲ್‌ನಲ್ಲಿ ಕೊಡುವ ಸೆನ್ಸಿಟಿವಿಟಿ, ಓಮ್‌ನಲ್ಲಿ ಕೊಡುವ ಇಂಪೀಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ). ಇವೆರಡನ್ನೂ ಕೂಡಿಸಿ ನೋಡಿದರೆ, ಮನೆಯಲ್ಲಿ ಹಾಡು ಕೇಳುವುದಕ್ಕೆ ನಾವು ಅಂದುಕೊಂಡಷ್ಟು ವಾಟ್ ಬೇಡವೆಂದೂ, ಓಮ್ ಕುಸಿದಾಗ ಕರೆಂಟ್ ಒದಗಿಸುವ ತಾಕತ್ತೇ ಮುಖ್ಯವೆಂದೂ ತಿಳಿಯುತ್ತದೆ.

ಕೆಇಎಫ್ ಕಂಪನಿಯ ಎಲ್‌ಎಸ್50 ಮೆಟಾ ಸ್ಪೀಕರನ್ನೇ ತೆಗೆದುಕೊಳ್ಳೋಣ. ಅದರ ಸೆನ್ಸಿಟಿವಿಟಿ 85 ಡೆಸಿಬಲ್. ಅಂದರೆ 8 ಓಮ್ ಲೆಕ್ಕದಲ್ಲಿ ಒಂದೇ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಸದ್ದು. ಕೇಳುವವರು ಹತ್ತಡಿ ಆಚೆ ಕೂತರೆ ಸದ್ದು ಇಳಿಯುತ್ತದೆ, ಆದರೆ ಗೋಡೆಗಳು ಒಂದಿಷ್ಟನ್ನು ಮರಳಿಸುತ್ತವೆ, ಜೊತೆಗೆ ಇನ್ನೊಂದು ಸ್ಪೀಕರೂ ಇದೆ. ಕೂಡಿ ಕಳೆದು ಸುಮಾರು 80 ಡೆಸಿಬಲ್ ಕಿವಿಗೆ ಬರುತ್ತದೆ. ಪಕ್ಕದವರೊಡನೆ ಮಾತಾಡಲು ದನಿ ಏರಿಸಬೇಕಾದಷ್ಟು ಸದ್ದು ಅದು. ಹಾಗಾದರೆ ಒಂದು ವಾಟ್ ಸಾಕೇ? ಸಾಲದು. ಸಂಗೀತ ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ತಂಬೂರಿಯ ಶ್ರುತಿಯ ಮೇಲೆ ಆಲಾಪನೆ ನಡೆಯುವಾಗ ವಾಟ್‌ನ ಒಂದು ಚೂರು ಸಾಕು. ತನಿ ಆವರ್ತನದಲ್ಲಿ ಮೃದಂಗದ ಎಡಗೈ ಪೆಟ್ಟು ಬಿದ್ದ ಆ ಕ್ಷಣಕ್ಕೆ ಸದ್ದು ಸರಾಸರಿಗಿಂತ 15–20 ಡೆಸಿಬಲ್ ಮೇಲೆ ಚಿಮ್ಮಬಹುದು. 20 ಡೆಸಿಬಲ್ ಎಂದರೆ ನೂರು ಪಟ್ಟು ಶಕ್ತಿ. 75 ಡೆಸಿಬಲ್ ಸರಾಸರಿಗೆ ಮೂರನೇ ಒಂದು ವಾಟ್ ಹಿಡಿದರೆ, ಆ ಪೆಟ್ಟಿಗೆ ಮೂವತ್ತು ಚಿಲ್ಲರೆ ವಾಟ್ ಬೇಕು. ಹಾಗಾಗಿ ಸಾಧಾರಣ ಕೋಣೆಗೆ 50 ವಾಟ್ ಧಾರಾಳವಾಯಿತು.

ಆದರೆ ಇದೇ ಸ್ಪೀಕರ್ 8 ಓಮ್ ಎಂದು ಹೆಸರಿಗಷ್ಟೇ. ಕೆಲವು ಸ್ವರಗಳಲ್ಲಿ ಅದರ ಇಂಪೀಡೆನ್ಸ್ 3.5 ಓಮ್‌ಗೆ ಇಳಿಯುತ್ತದೆಂದು ಕಂಪನಿಯೇ ಹೇಳಿದೆ. 8 ಓಮ್‌ಗೆ 50 ವಾಟ್ ಕೊಡುವ ಆಂಪ್ ಆಗ ಹೊರಡಿಸುತ್ತಿರುವುದು 20 ವೋಲ್ಟ್, ಎರಡೂವರೆ ಆಂಪಿಯರ್. ಅದೇ 20 ವೋಲ್ಟ್‌ಗೆ 3.5 ಓಮ್ ಎದುರಾದರೆ 5.7 ಆಂಪಿಯರ್ ಬೇಕು. ಅಷ್ಟು ಕೊಡಲಾಗದ ಆಂಪ್ ಅಲ್ಲೇ ಮುಗ್ಗರಿಸುತ್ತದೆ. ಆದ್ದರಿಂದ ಆಂಪ್‌ನ ಕಾಗದದಲ್ಲಿ 8 ಓಮ್‌ನ ಅಂಕಿಯ ಪಕ್ಕ 4 ಓಮ್‌ನ ಅಂಕಿಯನ್ನೂ ಹುಡುಕಬೇಕು. 50 ಇದ್ದದ್ದು 80–90ಕ್ಕೆ ಏರಿದ್ದರೆ ನಂಬಬಹುದು. 4 ಓಮ್‌ನ ಸುದ್ದಿಯನ್ನೇ ಎತ್ತದಿದ್ದರೆ ಅನುಮಾನ ಪಡುವುದು ಒಳ್ಳೆಯದು.

ಅಂಗೈಯಗಲದ ಕ್ಲಾಸ್ ಡಿ ಆಂಪ್‌ಗಳು 300 ವಾಟ್ ಕೊಡುತ್ತವಂತಲ್ಲ, ಅದೂ ಅಗ್ಗಕ್ಕೆ ಎಂದು ಕೇಳಬಹುದು. ಜೊತೆಗೆ ಬರುವ ಅಡಾಪ್ಟರನ್ನು ತಿರುಗಿಸಿ ನೋಡಿ. 32 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಗುಣಿಸಿದಾಗ 160 ವಾಟ್, ಅದೂ ಎರಡೂ ಚಾನೆಲ್‌ಗೆ ಸೇರಿ. ಬಾವಿಯಲ್ಲಿಲ್ಲದ ನೀರು ಬಿಂದಿಗೆಗೆ ಎಲ್ಲಿಂದ ಬರಬೇಕು? (ಟೇಪ್‌ರೆಕಾರ್ಡರ್ ಕಾಲದ, ಉಬ್ಬಿಸಿ ಬರೆದ ಪಿಎಂಪಿಒ ವಾಟ್ ಅಂಕಿಗಳನ್ನು ನೆನಪಿಟ್ಟವರಿಗೆ ಇದೇನೂ ಹೊಸದಲ್ಲ.) ಹಾಗೆಂದು ಆ ಪುಟ್ಟ ಪೆಟ್ಟಿಗೆಯನ್ನು ಹಗುರವಾಗಿ ಕಾಣಬೇಕಿಲ್ಲ. 8 ಓಮ್‌ಗೆ ಅದು ಕೊಡಬಲ್ಲ ಸುಮಾರು 50 ವಾಟ್, ನಾವು ಮೇಲೆ ಹಾಕಿದ ಲೆಕ್ಕಕ್ಕೆ ಸರಿಹೊಂದುತ್ತದೆ. ಸುಳ್ಳಿರುವುದು ಡಬ್ಬದ ಮೇಲಿನ ಅಂಕಿಯಲ್ಲಿ.

ದೊಡ್ಡ ಆಂಪ್ ಹಾಕಿದರೆ ಸ್ಪೀಕರ್ ಸುಟ್ಟುಹೋದೀತೆಂಬ ಭಯ ಇನ್ನೊಂದು. ದನಿ ಏರಿಸುವ ಗುಂಡಿ ನಮ್ಮ ಕೈಯಲ್ಲೇ ಇರುವುದರಿಂದ 150 ವಾಟ್‌ನ ಆಂಪ್ ಕೂಡ ಬೇಡಿದಷ್ಟನ್ನೇ ಕೊಡುತ್ತದೆ. ಸಣ್ಣ ಆಂಪನ್ನು ಅದರ ಮಿತಿ ಮೀರಿ ಒತ್ತಾಯಿಸುವುದರಲ್ಲೂ ಅಪಾಯ ಕಡಿಮೆಯಿಲ್ಲ. ಆಗ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ, ಏರಿಳಿತ ಅಳಿದು ಸರಾಸರಿ ಶಕ್ತಿ ಹೆಚ್ಚುತ್ತದೆ, ಕೆಲವೇ ವಾಟ್ ತಾಳುವ ಟ್ವೀಟರಿನ ಕೂದಲೆಳೆಯಂಥ ತಂತಿ ಕಾದು ಕರಗುತ್ತದೆ.

ವಾಲ್ವ್ ಆಂಪ್ ಪ್ರಿಯರ ತಕರಾರಿಗೆ ಸ್ವಲ್ಪ ಹೆಚ್ಚು ಮರ್ಯಾದೆ ಸಲ್ಲಬೇಕು. ಆಂಪ್‌ಗೂ ಒಂದು ದನಿಯಿದೆ ಎಂಬ ಅವರ ಮಾತು ವಾಲ್ವ್ ಆಂಪ್‌ಗಳ ಮಟ್ಟಿಗೆ ನಿಜ. ಅವುಗಳ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚಿರುವುದರಿಂದ ಸ್ಪೀಕರಿನ ಓಮ್ ಏರಿಳಿದಂತೆ ನಾದದ ಬಣ್ಣವೂ ಬದಲಾಗುತ್ತದೆ. 1970ರ ದಶಕದಲ್ಲಿ ಬಿಬಿಸಿ ತನ್ನ ಪ್ರಸಾರ ವಾಹನಗಳಿಗಾಗಿ ರೂಪಿಸಿದ, ಎಲ್‌ಎಸ್50ಕ್ಕೆ ಸ್ಫೂರ್ತಿಯಾದ ಎಲ್‌ಎಸ್3/5ಎ ಸ್ಪೀಕರಿನ ಮೊದಲ ಆವೃತ್ತಿ 15 ಓಮ್‌ನದು. ಅಂಥದ್ದಕ್ಕೆ ವಾಲ್ವ್ ಒಗ್ಗುತ್ತದೆ, 3.5 ಓಮ್‌ಗೆ ಕುಸಿಯುವುದಕ್ಕೆ ಅಷ್ಟಾಗಿ ಒಗ್ಗದು. ಅಂದರೆ ಈ ತಕರಾರೂ ನಮ್ಮನ್ನು ಮತ್ತೆ ಓಮ್‌ನ ಹತ್ತಿರವೇ ತಂದು ನಿಲ್ಲಿಸುತ್ತದೆ.

ಇಷ್ಟೆಲ್ಲ ನೋಡಿಯೂ ಸದ್ದು ಸಾಲದೆನಿಸಿದವರು 50 ವಾಟ್‌ನ ಆಂಪ್ ಮಾರಿ 100 ವಾಟ್‌ನದನ್ನು ತಂದರೆ ಸಿಗುವುದು 3 ಡೆಸಿಬಲ್. ಹತ್ತಡಿ ದೂರದ ಕುರ್ಚಿಯನ್ನು ಐದಡಿಗೆ ಎಳೆದುಕೊಂಡರೂ ಅಷ್ಟೇ ಸಿಗುತ್ತದೆ, ಬಹುಶಃ ತುಸು ಹೆಚ್ಚೇ.