ಗಂಟಲಿನಲ್ಲಿ ಏನೋ ಸಿಕ್ಕಂತೆ

ನಿಪ್ಪಾಣಿಗೆ ಹೊಸದಾಗಿ ಬಂದವರಿಗೆ ಊರಿನ ಪರಿಚಯವು ಕಣ್ಣಿಗಿಂತ ಮೊದಲು ಮೂಗಿಗಾಗುತ್ತದೆ. ತಂಬಾಕಿನ ವಖಾರಿಗಳ ಮುಂದೆ ಹಾದುಹೋಗುವಾಗ ಅವರು ಒಂದೆರಡು ಸಲ ಸೀನಿ, ಗಂಟಲನ್ನು ಸರಿಪಡಿಸಿಕೊಂಡು ಮುಂದೆ ಸಾಗುತ್ತಾರೆ. ಅಲ್ಲಿಯೇ ದುಡಿಯುವವರಿಗಾದರೋ ಆ ವಾಸನೆಯ ಅರಿವೇ ಇರುವುದಿಲ್ಲ. ನನ್ನ ಸೋದರತ್ತೆಯವರು ಇಂತಹ ಒಂದು ವಖಾರಿಯಲ್ಲಿ ಇಪ್ಪತ್ತು ವರ್ಷ ತಂಬಾಕನ್ನು ಜರಡಿ ಹಿಡಿದವರು. ಒಂದು ದೀಪಾವಳಿಯ ಹೊತ್ತಿಗೆ ಅವರಿಗೆ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತೆ ತೋರತೊಡಗಿತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಊಟವಾದ ಮೇಲೆ ಹೊಟ್ಟೆಯುಬ್ಬರ, ಹುಳಿತೇಗು. ಬೆಳಗ್ಗೆ ಎದ್ದಾಗ ಒಡೆದ ದನಿ. ಹದಿನಾಲ್ಕು ತಿಂಗಳು ಈ ಬೇನೆಗೆ ಒಂದು ಹೆಸರೇ ದೊರೆಯಲಿಲ್ಲ.

ನಮ್ಮ ಸೀಮೆಯಲ್ಲಿ ಇಂತಹ ಅಲೆದಾಟದ ದಾರಿ ಎಲ್ಲರಿಗೂ ಗೊತ್ತಿರುವುದೇ. ಚಿಕ್ಕೋಡಿ, ನಿಪ್ಪಾಣಿಗಳವರು ಬೆಳಗಾವಿಗೋ ಕೊಲ್ಹಾಪುರಕ್ಕೋ ಹೋಗುತ್ತಾರೆ. ರಾಯಬಾಗ, ಅಥಣಿ, ಕಾಗವಾಡಗಳವರಿಗೆ ಮಿರಜ-ಸಾಂಗಲಿಗಳು ಹತ್ತಿರ. ಅತ್ತೆಯವರು ಎರಡು ದಿಕ್ಕನ್ನೂ ನೋಡಿ ಬಂದರು. ಊರಿನ ವೈದ್ಯರು ಆಮ್ಲವನ್ನು ತಗ್ಗಿಸುವ ಗುಳಿಗೆ ಕೊಟ್ಟರು, ಗುಣವಾಗಲಿಲ್ಲ. ಗಂಟಲಿನ ತಜ್ಞರು ಗಂಟಲು ಸ್ವಚ್ಛವಾಗಿದೆಯೆಂದರು. ಹೊಟ್ಟೆಯ ತಜ್ಞರು ಎಂಡೋಸ್ಕೋಪಿಯನ್ನು ಮಾಡಿ ಹುಣ್ಣೂ ಇಲ್ಲ, ಗಡ್ಡೆಯೂ ಇಲ್ಲವೆಂದರು. "ಎಲ್ಲಾರೂ ಏನೂ ಇಲ್ಲ ಅಂತಾರು. ಹಂಗಾದ್ರ ನನಗ ಆಗೂದು ಏನು?" ಎಂದು ಅತ್ತೆ ಕೇಳಿದಾಗ ಮನೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ತಂಬಾಕಿನ ನಾಡಿನಲ್ಲಿ ಗಂಟಲ ಬೇನೆಯೆಂದೊಡನೆ ಎಲ್ಲರ ಮನಸ್ಸಿಗೂ ಬರುವ ಒಂದು ರೋಗದ ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಈ "ಏನೂ ಇಲ್ಲ" ಎಂಬ ಮಾತು ಒಪ್ಪಿಗೆಯಾಗಲಿಲ್ಲ. ವೋಲ್ಟ್‌ಮೀಟರಿನ ಮುಳ್ಳು ಸೊನ್ನೆಯ ಮೇಲೆ ನಿಂತಿತೆಂದು ತಂತಿಯು ತಣ್ಣಗಿದೆಯೆಂದು ನಮ್ಮ ವಿದ್ಯಾರ್ಥಿಗಳು ಬರೆದರೆ ನಾವು ಅಂಕ ಕೊಡುವೆವೆ? ಒಂದೊಂದು ಉಪಕರಣವು ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಹಾಗಾದರೆ ಅತ್ತೆಯವರ ಗಂಟಲಿನೊಳಗೆ ಇಳಿದ ಉಪಕರಣವು ಯಾವ ಪ್ರಶ್ನೆಯನ್ನು ಕೇಳಿತ್ತು?

ಮನುಷ್ಯನ ಧ್ವನಿತಂತುಗಳನ್ನು ಕಂಡು ಹೆಸರಾದವನು ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಗುರು. ೧೮೫೪ರಲ್ಲಿ ಅವನು ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನ ಹಿಂಬದಿಗೆ ಹಿಡಿದು, ಮತ್ತೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ದನಿಯು ಹುಟ್ಟುವ ಸ್ಥಳವನ್ನು ತಾನೇ ನೋಡಿದನು. ಅದಕ್ಕಿಂತ ಕೆಳಗೆ ಇಳಿಯುವುದು ಕಷ್ಟವಾಗಿತ್ತು. ೧೮೬೮ರಲ್ಲಿ ಜರ್ಮನಿಯ ಕುಸ್ಮೌಲ್ ಎಂಬ ವೈದ್ಯನು ಕತ್ತಿ ನುಂಗುವ ಆಟಗಾರನೊಬ್ಬನನ್ನು ಹಿಡಿದು ಅವನ ಹೊಟ್ಟೆಗೆ ನೇರವಾದ ಕೊಳವೆಯನ್ನು ಇಳಿಸಿದನು. ಕೊಳವೆಯೇನೋ ಇಳಿಯಿತು, ಬೆಳಕು ಸಾಲದೆ ಹೋಯಿತು.

ಬೆಳಕನ್ನು ಬಳುಕಿಸುವ ಉಪಾಯವು ನಮ್ಮ ಪಠ್ಯಪುಸ್ತಕದಲ್ಲಿಯೇ ಇದೆ. ಸಾಂದ್ರವಾದ ಗಾಜಿನೊಳಗೆ ಚಲಿಸುವ ಕಿರಣವು ವಿರಳವಾದ ಗಾಜಿನ ಅಂಚಿಗೆ ಕ್ರಾಂತಿಕೋನಕ್ಕಿಂತ ಹೆಚ್ಚಿನ ಕೋನದಲ್ಲಿ ಬಡಿದರೆ ಹೊರಗೆ ಹೋಗದೆ ಪೂರ್ತಿಯಾಗಿ ಹಿಂದಿರುಗುತ್ತದೆ. ಒಳಗಾಜಿನ ವಕ್ರೀಭವನಾಂಕವು ೧.೬೨, ಹೊದಿಕೆಯದು ೧.೫೨ ಇದ್ದರೆ ಆ ಕೋನವು ಸುಮಾರು ೭೦ ಡಿಗ್ರಿ. ಲೆಕ್ಕ ಮಾಡಿ ನೋಡಬಹುದು. ಹೀಗೆ ಹೊದಿಕೆಯುಳ್ಳ ಗಾಜಿನ ಎಳೆಯು ಬಾಗಿದರೂ ಬೆಳಕು ಗೋಡೆಯಿಂದ ಗೋಡೆಗೆ ಬಡಿಯುತ್ತ ಮುಂದೆ ಸಾಗುತ್ತದೆ. ಗಾಜಿನ ಸಾವಿರಾರು ಎಳೆಗಳ ಕಟ್ಟಿನಿಂದ ಚಿತ್ರವನ್ನೇ ಸಾಗಿಸಬಹುದೆಂದು ೧೯೫೪ರಲ್ಲಿ ಲಂಡನ್ನಿನಲ್ಲಿ ತೋರಿಸಿದವರು ಹೆರಾಲ್ಡ್ ಹಾಪ್ಕಿನ್ಸ್ ಹಾಗೂ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಅವರ ಲೇಖನವನ್ನು ಓದಿದ ಬೇಸಿಲ್ ಹಿರ್ಷೊವಿಟ್ಸ್ ಎಂಬ ವೈದ್ಯನು ಅಮೆರಿಕದಲ್ಲಿ ಅಂತಹ ಉಪಕರಣವನ್ನು ಸಿದ್ಧಪಡಿಸಿ, ೧೯೫೭ರಲ್ಲಿ ರೋಗಿಗಿಂತ ಮೊದಲು ತಾನೇ ಅದನ್ನು ನುಂಗಿದನು! ಈಗ ಕೊಳವೆಯ ತುದಿಯಲ್ಲಿ ಪುಟ್ಟ ಕ್ಯಾಮರಾ ಕುಳಿತಿದೆ; ಚಿತ್ರವು ತಂತಿಯಲ್ಲಿ ಹರಿದು ಪರದೆಗೆ ಬರುತ್ತದೆ.

ಆದರೆ ಈ ಕ್ಯಾಮರಾ ಕೇಳುವ ಪ್ರಶ್ನೆ ಒಂದೇ: ಗೋಡೆಯ ಆಕಾರವೂ ಬಣ್ಣವೂ ಈ ಹತ್ತು ನಿಮಿಷಗಳಲ್ಲಿ ಹೇಗಿವೆ? ಹುಣ್ಣನ್ನು, ಗಡ್ಡೆಯನ್ನು ಕಾಣಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ರಾತ್ರಿ ಎರಡು ಗಂಟೆಗೆ ಏನು ನಡೆಯುತ್ತದೆಂಬುದು ಅದಕ್ಕೆ ತಿಳಿಯದು.

ಗಂಟಲಿನಿಂದ ಜಠರಕ್ಕೆ ಹೋಗುವ ಅನ್ನನಾಳವು ಸುಮಾರು ೨೫ ಸೆಂಟಿಮೀಟರ್ ಉದ್ದದ ಮೆತ್ತನೆಯ ಕೊಳವೆ. ಅದರ ಮೇಲಿನ ಬಹುಭಾಗ ಎದೆಗೂಡಿನಲ್ಲಿದೆ, ಕೆಳತುದಿ ಹೊಟ್ಟೆಯಲ್ಲಿದೆ. ನಾವು ಉಸಿರಾಡುವುದೇ ಎದೆಯೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ತಗ್ಗಿಸಿಕೊಂಡು. ಶಾಂತವಾಗಿರುವಾಗ ಅದು ವಾಯುಮಂಡಲದ ಒತ್ತಡಕ್ಕಿಂತ ಸುಮಾರು ೫ ಮಿಲಿಮೀಟರ್ ಪಾದರಸದಷ್ಟು ಕಡಮೆ. ಹೊಟ್ಟೆಯೊಳಗಿನ ಒತ್ತಡ ಸುಮಾರು ಅಷ್ಟೇ ಹೆಚ್ಚು. ಎಂದರೆ ಜಠರದಲ್ಲಿರುವುದನ್ನು ಮೇಲಕ್ಕೆ ತಳ್ಳಲು ಹಗಲೂ ರಾತ್ರಿಯೂ ಹತ್ತು ಮಿಲಿಮೀಟರಿನಷ್ಟು ಒತ್ತಡವು ಕಾದೇ ಇರುತ್ತದೆ. ಅದನ್ನು ತಡೆದಿರುವುದು ಅನ್ನನಾಳದ ಬುಡದಲ್ಲಿರುವ ಸ್ನಾಯುವಿನ ಉಂಗುರ. ಅದರ ಬಿಗಿತವು ಸಾಮಾನ್ಯವಾಗಿ ಜಠರದ ಒತ್ತಡಕ್ಕಿಂತ ೧೦ರಿಂದ ೩೦ ಮಿಲಿಮೀಟರ್ ಹೆಚ್ಚು. ಸುತ್ತಲಿನ ವಪೆಯೂ ಅದಕ್ಕೆ ಒತ್ತಾಸೆಯಾಗಿದೆ. ಉಂಗುರವು ಸಡಿಲವಾದರೆ, ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ತೆರೆದುಕೊಂಡರೆ, ಆಮ್ಲವು ಮೇಲೇರುತ್ತದೆ. ಉಂಡ ಕೂಡಲೆ ಸೊಂಟ ಬಗ್ಗಿಸಿ ಕೆಲಸಕ್ಕೆ ಕುಳಿತರೆ ಕೆಳಗಿನ ಒತ್ತಡ ಹೆಚ್ಚುತ್ತದೆ. ಮಲಗಿದರೆ ಗುರುತ್ವದ ಸಹಾಯ ತಪ್ಪುತ್ತದೆ.

ಇದನ್ನು ಅಳೆಯುವುದು ಹೇಗೆ? ಆಮ್ಲದ ತೀಕ್ಷ್ಣತೆಗೆ ಪಿಎಚ್ ಎಂಬ ಮಾನವನ್ನು ೧೯೦೯ರಲ್ಲಿ ಕೊಟ್ಟವನು ಡೆನ್ಮಾರ್ಕಿನ ಸೋರೆನ್ಸೆನ್. ಅದರಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಶುದ್ಧ ನೀರು ೭, ಜಠರರಸವು ೨ರ ಆಸುಪಾಸು. ಅಂತರವು ಲಕ್ಷ ಪಟ್ಟು. ಈ ಮಾನವನ್ನು ಅಳೆಯುವ ತೆಳ್ಳನೆಯ ತಂತಿಯೊಂದನ್ನು ಮೂಗಿನ ಮೂಲಕ ಇಳಿಸಿ, ಅದರ ತುದಿಯನ್ನು ಆ ಉಂಗುರದಿಂದ ೫ ಸೆಂಟಿಮೀಟರ್ ಮೇಲೆ ನಿಲ್ಲಿಸಿ, ಸೊಂಟಕ್ಕೆ ಒಂದು ಪೆಟ್ಟಿಗೆಯನ್ನು ಕಟ್ಟಿ ಕಳುಹಿಸುತ್ತಾರೆ. ರೋಗಿಯು ಎಂದಿನಂತೆ ಉಂಡು ಮಲಗಬೇಕು. ಬೇನೆ ತೋರಿದಾಗ ಗುಂಡಿಯನ್ನು ಒತ್ತಬೇಕು. ದಿನದಲ್ಲಿ ೧೪೪೦ ನಿಮಿಷಗಳು. ಪಿಎಚ್ ೪ಕ್ಕಿಂತ ಕೆಳಗಿದ್ದ ಹೊತ್ತು ನೂರಕ್ಕೆ ನಾಲ್ಕರೊಳಗೆ, ಎಂದರೆ ೫೮ ನಿಮಿಷದೊಳಗೆ, ಇದ್ದರೆ ಸಹಜ. ನೂರಕ್ಕೆ ಆರನ್ನು, ಎಂದರೆ ೮೬ ನಿಮಿಷವನ್ನು, ಮೀರಿದರೆ ರೋಗ.

ಅತ್ತೆಯವರದು ೧೩೦ ನಿಮಿಷವಾಯಿತು. ಅವರು ಗುಂಡಿ ಒತ್ತಿದ ಗುರುತುಗಳಲ್ಲಿ ಹೆಚ್ಚಿನವು ರೇಖೆಯ ತಗ್ಗುಗಳ ಬೆನ್ನಿಗೇ ಬಿದ್ದಿದ್ದವು. ಕ್ಯಾಮರಾ ಸುಳ್ಳು ಹೇಳಿರಲಿಲ್ಲ. ಹೀಗೆ ಆಮ್ಲವು ಮೇಲೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಅನ್ನನಾಳದಲ್ಲಿ ಗಾಯವೇ ಕಾಣುವುದಿಲ್ಲ. ಮೊದಲ ಗುಳಿಗೆ ಏಕೆ ಸೋತಿತೆಂಬುದೂ ಆಗಲೇ ತಿಳಿಯಿತು. ಜಠರದ ಜೀವಕೋಶಗಳಲ್ಲಿ ಆಮ್ಲವನ್ನು ಹೊರಹಾಕುವ ಪಂಪುಗಳು ಊಟಕ್ಕೆ ಎಚ್ಚೆತ್ತಾಗ ಮಾತ್ರ ಆ ಔಷಧವು ಅವನ್ನು ಕಟ್ಟಿಹಾಕಬಲ್ಲದು. ಆದುದರಿಂದ ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಅತ್ತೆ ಅದನ್ನು ಉಂಡು, ನೀರು ಕುಡಿದು, ಮಲಗುವಾಗ ನುಂಗುತ್ತಿದ್ದರು.

ಇಷ್ಟಾದರೂ ಉಂಗುರ ಸಡಿಲಾದುದೇಕೆಂಬ ಪ್ರಶ್ನೆ ಉಳಿದಿತ್ತು. ಅದನ್ನು ಬಿಡಿಸಿದ್ದು ಯಂತ್ರವಲ್ಲ, ಒಬ್ಬ ಕಿರಿಯ ವೈದ್ಯೆಯ ಒಂದು ಮಾತು. ತಂಬಾಕಿನ ಚಟವಿದೆಯೇ ಎಂದು ಹಿಂದೆ ಎಲ್ಲರೂ ಕೇಳಿದ್ದರು, ಅತ್ತೆ ಇಲ್ಲವೆಂದಿದ್ದರು. ಈಕೆ ಕೇಳಿದ್ದು ಬೇರೆ: "ಅವ್ವಾರ, ಹಲ್ಲು ಯಾತರಲೆ ತಿಕ್ಕತೀರಿ?"

"ಮಿಶ್ರೀಲೆ. ದಿನಾ ಮೂರು ಸಲ."

"ಅದೂ ತಂಬಾಕಲ್ರೀ?"

"ಅದ್ಹೆಂಗ ತಂಬಾಕು ಆದೀತವ್ವಾ? ಹಲ್ಲಿನ ಪುಡಿ ಅದು."

ತಂಬಾಕನ್ನು ಹುರಿದು ಕಪ್ಪಾಗಿಸಿ ಪುಡಿ ಮಾಡಿದ ಮಿಶ್ರಿಯು ಗಡಿಯ ಎರಡೂ ಕಡೆ ಹೆಂಗಸರ ಕೈಯಲ್ಲಿದೆ. ಅದರಲ್ಲಿರುವ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ರಕ್ತಕ್ಕೆ ಸೇರಿ ಆ ಸ್ನಾಯುವಿನ ಉಂಗುರವನ್ನು ಸಡಿಲಿಸುತ್ತದೆ. ಬಾಯಿಯ ಕ್ಯಾನ್ಸರಿಗೂ ಅದು ದಾರಿ. ಅತ್ತೆ ಸುಳ್ಳಾಡಿದವರಲ್ಲ, ಪ್ರಶ್ನೆಯ ಪದವು ಅವರ ಪದವಾಗಿರಲಿಲ್ಲ.

ಇದೇ ಎಲೆಯ ಇನ್ನೊಂದು ಚೇಷ್ಟೆಯನ್ನೂ ಹೇಳಬೇಕು. ಇಬ್ಬನಿಯಲ್ಲಿ ನೆನೆದ ಹಸಿ ತಂಬಾಕನ್ನು ಬರಿಗೈಯಲ್ಲಿ ಹಿಡಿದು ದುಡಿದವರಿಗೆ ಆ ದಿನವೇ ತಲೆಸುತ್ತು, ಓಕರಿಕೆ, ವಾಂತಿ ಬರುವುದುಂಟು. ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಒಳಸೇರುವುದೇ ಇದಕ್ಕೆ ಕಾರಣ. ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ವರದಿ ಬಂದದ್ದು ೧೯೭೦ರಲ್ಲಿ, ಅಮೆರಿಕದ ಫ್ಲಾರಿಡಾದಿಂದ. ಇಂತಹ ರೋಗಿಯ ಜಠರವನ್ನು ಎಷ್ಟು ನೋಡಿದರೂ ಏನೂ ಕಾಣದು. ಕಾರಣವು ಕೈಗಳ ಮೇಲಿದೆ.

ಗಂಟಲ ಗಂಟಿಗೆಲ್ಲ ಆಮ್ಲವೇ ಮೂಲವೆಂದು ಓದುಗರು ತಿಳಿಯಬಾರದು. ಸ್ನಾಯುಗಳ ಬಿಗುಪಿನಿಂದಲೂ ಅದು ತೋರುತ್ತದೆ. ಕೆಲವರಲ್ಲಿ ಯಾವ ಕಾರಣವೂ ಸಿಗದೆ ತಾನಾಗಿ ಹೋಗುತ್ತದೆ. ಉಣ್ಣುವಾಗ ಮರೆತು, ಬರಿಯ ಉಗುಳು ನುಂಗುವಾಗ ನೆನಪಾಗುವ ಗಂಟು ಬಹುಮಟ್ಟಿಗೆ ನಿರುಪದ್ರವಿ. ರೊಟ್ಟಿಯ ತುತ್ತು ನಿಜವಾಗಿಯೂ ಸಿಕ್ಕಿಕೊಂಡರೆ, ತೂಕ ಇಳಿದರೆ, ರಕ್ತ ಕಂಡರೆ, ಮಲವು ಡಾಂಬರಿನಂತೆ ಕಪ್ಪಾದರೆ, ಕುತ್ತಿಗೆಯಲ್ಲಿ ಗಡ್ಡೆ ಎದ್ದರೆ, ಒಡೆದ ದನಿ ಮೂರು ವಾರವಾದರೂ ಕೂಡದಿದ್ದರೆ, ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯತಕ್ಕದ್ದಲ್ಲ.

ಅತ್ತೆಯವರ ಮಂಚದ ತಲೆಗಾಲುಗಳ ಕೆಳಗೆ ಈಗ ಎರಡೆರಡು ಇಟ್ಟಿಗೆಗಳಿವೆ. ಮಿಶ್ರಿಯನ್ನು ಬಿಡಲು ಏಳು ತಿಂಗಳು ಹಿಡಿಯಿತು; ನಡುವೆ ಎರಡು ಬಾರಿ ಕದ್ದು ತಿಕ್ಕಿದರು. ಗಂಟಲು ಮುಕ್ಕಾಲು ಪಾಲು ಹಗುರಾಗಿದೆ, ಬೆಳಗಿನ ದನಿ ತಿಳಿಯಾಗಿದೆ. ಆ ಇಪ್ಪತ್ತನಾಲ್ಕು ಗಂಟೆಗಳ ರೇಖೆಯ ಹಾಳೆಯನ್ನು ಅವರು ಪಡಿತರ ಚೀಟಿಯ ಜೊತೆಯಲ್ಲಿ ಮಡಿಸಿಟ್ಟಿದ್ದಾರೆ. ಓಣಿಯ ಹೆಂಗಸರು ಬಂದಾಗ ಅದನ್ನು ಬಿಚ್ಚಿ, ರಾತ್ರಿ ಎರಡು ಗಂಟೆಯ ತಗ್ಗಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.