ಬಿಸಿಲುನಾಡಿನ ಹಿತ್ತಿಲ ತೋಟ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು 1739ರಲ್ಲಿ ಸಂತ ಸೇವಾಲಾಲರು ಜನ್ಮವೆತ್ತಿದ ಕ್ಷೇತ್ರವೆಂದು ಲಂಬಾಣಿ ಸಮುದಾಯಕ್ಕೆಲ್ಲ ಪೂಜ್ಯವಾದುದು. ಪ್ರತಿವರ್ಷವೂ ಫೆಬ್ರುವರಿಯ ನಡುವಿನಲ್ಲಿ ಅವರ ಜಯಂತಿಗೆಂದು ನೆರೆದ ಭಕ್ತಸಮೂಹವು ತಮ್ಮ ತಮ್ಮ ತಾಂಡಾಗಳಿಗೆ ಮರಳುವ ವೇಳೆಗೆ ಈ ಪ್ರಾಂತದಲ್ಲಿ ಬಿಸಿಲು ಬಲಿಯತೊಡಗುವುದರಿಂದ, ಬೇಸಗೆಯ ಹಿತ್ತಿಲ ತೋಟಕ್ಕೆ ಮಡಿ ಕಟ್ಟಲು ಅದೇ ಯೋಗ್ಯಕಾಲ. ಭದ್ರಾ ನಾಲೆಯ ನೀರುಂಡು ಅಡಿಕೆಯೂ ಭತ್ತವೂ ನಳನಳಿಸುವ ಸೀಮೆ ಸಮೀಪದಲ್ಲಿದ್ದರೂ, ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುವ ಊರುಗಳಲ್ಲಿ ಬೇಸಗೆಯ ಕೊಡ ನೀರಿಗೂ ಲೆಕ್ಕವುಂಟು.

ಇಂಥಲ್ಲಿ ತೋಟದ ಜಯಾಪಜಯಗಳು ಬಹುಮಟ್ಟಿಗೆ ಬೀಜವನ್ನು ಆರಿಸುವಾಗಲೇ ನಿರ್ಣಯವಾಗುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ. ವೈಶಾಖದಲ್ಲಿ ಟೊಮೇಟೊ ಗಿಡವು ಹೂಗಳಿಂದ ತುಂಬಿದ್ದರೂ, ರಾತ್ರಿಯ ಉಷ್ಣತೆ ಸುಮಾರು 22–24 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಪರಾಗವು ಸತ್ತ್ವಗುಂದಿ, ಹೂಗಳು ಕಾಯಿಗಟ್ಟದೆ ಉದುರಿಹೋಗುವುವು. ಎಷ್ಟು ನೀರೆರೆದರೂ ಆ ನಷ್ಟ ತುಂಬದು. ಅದನ್ನು ಚಳಿಗಾಲಕ್ಕೆ ಬಿಟ್ಟು, ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಹರಿವೆ, ಬಸಳೆಗಳಿಗೆ ನೆಲವನ್ನೊಪ್ಪಿಸುವುದು ವಿವೇಕ. ಬೆಂಡೆಗೆ ಮಾತ್ರ ಒಂದು ಮಹಾಶತ್ರುವುಂಟು: ಬಿಳಿನೊಣ ಹರಡುವ ಹಳದಿನರ ರೋಗ. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು, ಕಾಡುಬೆಂಡೆಯ ನಿರೋಧಗುಣವನ್ನು ನಾಡಬೆಂಡೆಗೆ ಕೂಡಿಸಿ ಅರ್ಕಾ ಅನಾಮಿಕಾ ಎಂಬ ತಳಿಯನ್ನು ನಿರ್ಮಿಸಿದ್ದು ಈ ರೋಗವನ್ನು ಎದುರಿಸುವುದಕ್ಕಾಗಿಯೇ.

ಮಳೆಗಾಲದ ಏರುಮಡಿ ಬೇಸಗೆಗೆ ಸಲ್ಲದು. ನೆಲಮಟ್ಟಕ್ಕಿಂತ ಗೇಣುದ್ದ ತಗ್ಗಾದ ಪಾತಿ ಮಾಡಿ, ಕಳಿತ ಕೊಟ್ಟಿಗೆಗೊಬ್ಬರ ಬೆರೆಸಿ, ಮೆಕ್ಕೆಜೋಳದ ಒಣರವದಿಯನ್ನೋ ಅಡಿಕೆಯ ಸಿಪ್ಪೆಯನ್ನೋ ಬುಡಕ್ಕೆ ತಾಗದಂತೆ ಹೊದಿಸಿದರೆ, ಸಂಜೆ ಎರೆದ ನೀರು ಮರುದಿನದ ಮಧ್ಯಾಹ್ನಕ್ಕೂ ಉಳಿದಿರುತ್ತದೆ. ಪಶ್ಚಿಮದ ಕಡೆಗೆ ಚಪ್ಪರವೆಬ್ಬಿಸಿ ಹೀರೆ ಹಬ್ಬಿಸಿದರೆ ಅಪರಾಹ್ಣದ ಉರಿಯಿಂದ ಸೊಪ್ಪಿನ ಮಡಿಗೆ ರಕ್ಷಣೆ. ಬಚ್ಚಲ ನೀರು ಬಾಳೆಗೆ ಸಾಕು. ಸಾಬೂನು ಬೆರೆತ ಆ ನೀರನ್ನು ಸೊಪ್ಪಿನ ಮಡಿಗೆ ಹಾಯಿಸಬಾರದು.

ನನ್ನ ಮನಸ್ಸನ್ನು ಅತ್ಯಂತವಾಗಿ ಸೆಳೆದಿರುವುದು ಹೂತ ಮಡಕೆಯ ಪದ್ಧತಿ. ಕ್ರಿಸ್ತಪೂರ್ವ 1ನೆಯ ಶತಮಾನದ ಚೀನೀ ಕೃಷಿಗ್ರಂಥ 'ಫಾನ್ ಶೆಂಗ್‌ಚಿ ಶು'ವಿನಲ್ಲಿಯೇ ಇದರ ವರ್ಣನೆಯುಂಟು. ಕುಂಬಾರನಿಂದ ತಂದ, ಬಣ್ಣವಾಗಲಿ ಹೊಳಪಿನ ಲೇಪವಾಗಲಿ ಇಲ್ಲದ ಮಡಕೆಯನ್ನು ಕಂಠದವರೆಗೆ ನೆಲದಲ್ಲಿ ಹೂತು, ಸುತ್ತಲೂ ನಾಲ್ಕಾರು ಬೀಜವನ್ನೂರಿ, ನೀರು ತುಂಬಿ ಬಾಯಿಗೆ ಹಂಚು ಮುಚ್ಚುವುದಷ್ಟೇ ಕೆಲಸ. ಮಣ್ಣು ಒಣಗಿದಾಗ ಮಡಕೆಯ ಸೂಕ್ಷ್ಮರಂಧ್ರಗಳಿಂದ ನೀರನ್ನು ತಾನಾಗಿ ಹೀರುವುದು, ತೇವವಾಗಿದ್ದಾಗ ಹೀರುವಿಕೆ ತಗ್ಗುವುದು. ಬೇರುಗಳು ಕ್ರಮೇಣ ಮಡಕೆಯ ಹೊರಮೈಯನ್ನೇ ಬಲೆಯಂತೆ ಅಪ್ಪಿಕೊಳ್ಳುವುವು. ದುಡಿಯುವವರು ಕೂಲಿಗೆಂದು ದೂರ ಹೋಗಿ, ವೃದ್ಧರಷ್ಟೇ ಮನೆಯಲ್ಲುಳಿಯುವ ತಾಂಡಾಗಳಿಗೆ, ದಿನವೂ ಕೊಡ ಹೊರುವ ಶ್ರಮವನ್ನು ತಗ್ಗಿಸುವ ಈ ಉಪಾಯಕ್ಕಿಂತ ಉಚಿತವಾದುದು ನನಗೆ ತೋರದು.

ಬಿತ್ತಿದ ಏಳೆಂಟು ವಾರಗಳೊಳಗೆ ಬೆಂಡೆ ಕೊಯ್ಲಿಗೆ ಬರುತ್ತದೆ. ಅದನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ತಡಮಾಡಿದರೆ ಕಾಯಿ ನಾರಾಗುವುದಲ್ಲದೆ ಗಿಡವೂ ಹೊಸ ಹೂವು ಬಿಡುವುದನ್ನು ಕಡಮೆ ಮಾಡುವುದು. ರೋಗವಿಲ್ಲದ ಒಂದೆರಡು ಗಿಡಗಳಲ್ಲಿ ಉತ್ತಮವಾದ ಕಾಯಿಗಳನ್ನು ಬೀಜಕ್ಕೆಂದು ಒಣಗಲು ಬಿಟ್ಟು, ರೋಹಿಣಿ ಮಳೆ ಹಿಡಿಯುವ ಮುನ್ನ ಬಿಡಿಸಿ, ಬೂದಿ ಬೆರೆಸಿ ಕಟ್ಟಿಡತಕ್ಕದ್ದು. ಆಮೇಲೆ ತಗ್ಗುಪಾತಿಗಳನ್ನು ಒಡೆದು ಏರುಮಡಿಯಾಗಿಸುವ ಕೆಲಸ ಕಾದಿರುತ್ತದೆ, ಏಕೆಂದರೆ ಬೇಸಗೆಯಲ್ಲಿ ಬೇರನ್ನು ಕಾಪಾಡಿದ ಆ ತಗ್ಗೇ ಮುಂಗಾರಿನಲ್ಲಿ ನೀರು ನಿಲ್ಲಿಸಿ ಅದನ್ನು ಕೊಳೆಯಿಸುವುದು.